ಹೃದಯದ ಗೆರೆಗೆ ಕರೆಂಟಿನ ಕಾಟ: ವಾಚನ್ನು ನಂಬುವ ಮೊದಲು ತಿಳಿದಿರಬೇಕಾದದ್ದು

ಒಂದು ಕಾಲದಲ್ಲಿ ಗಲ್ಫ್‌ನಿಂದ ರಜೆಯಲ್ಲಿ ಬರುವ ಮಕ್ಕಳ ಪೆಟ್ಟಿಗೆಯಲ್ಲಿ ಅತ್ತರ್, ಟಾರ್ಚ್, ಟೇಪ್ ರೆಕಾರ್ಡರ್ ಇರುತ್ತಿತ್ತು. ಈಗ ಉಪ್ಪನ ಕೈಗೆ ಕಟ್ಟಲು ಸ್ಮಾರ್ಟ್ ವಾಚ್ ಬರುತ್ತಿದೆ. ನಾಡಿ ಎಣಿಸುತ್ತದೆ, ಕೆಲವು ವಾಚ್‌ಗಳು ಇಸಿಜಿಯನ್ನೂ ತೆಗೆಯುತ್ತವೆ. ಮಕ್ಕಳ ಪ್ರೀತಿಯ ಉಡುಗೊರೆ, ಸಂತೋಷವೇ. ಆದರೆ ವಾಚ್ ಬಂದ ಮನೆಗಳಿಗೆ ಒಂದು ಹೊಸ ಚಿಂತೆಯೂ ಬಂದಿದೆ. ರಾತ್ರಿ ಹನ್ನೊಂದಕ್ಕೆ ವಾಚ್‌ನಲ್ಲಿ ಏನೋ ವಕ್ರ ಗೆರೆ ಕಾಣುತ್ತದೆ. ಅದರ ಫೋಟೋ ದಮ್ಮಾಮ್‌ನಲ್ಲಿರುವ ಮಗನಿಗೆ ಹೋಗುತ್ತದೆ, ಅಲ್ಲಿಂದ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುತ್ತದೆ. ಸುಬಹಿ ಬಾಂಗ್ ಆಗುವಷ್ಟರಲ್ಲಿ "ಅವರಿಗೆ ಹಾರ್ಟ್ ತೊಂದರೆಯಂತೆ" ಅಂತ ಊರಿಗೆಲ್ಲ ಸುದ್ದಿ.

ಇದಕ್ಕೆ ಸರಿ ಉಲ್ಟಾ ಆಗುವುದೂ ಉಂಟು. ಎದೆ ಹಿಂಡುತ್ತಿದ್ದರೂ "ವಾಚ್ ನಾರ್ಮಲ್ ತೋರಿಸ್ತಾ ಇದೆಯಲ್ಲ" ಅಂತ ಮಗ್ಗುಲು ಬದಲಾಯಿಸಿ ಮಲಗುವವರಿದ್ದಾರೆ. ಮೊದಲನೆಯದು ಬರೀ ಗಾಬರಿ, ಎರಡನೆಯದು ಜೀವಕ್ಕೇ ಅಪಾಯ. ಈ ಯಂತ್ರ ಏನನ್ನು ಕೇಳಿಸಿಕೊಳ್ಳುತ್ತದೆ, ಅದರ ಕಿವಿಗೆ ಅಡ್ಡ ಬರುವುದು ಯಾವುದು ಎಂದು ಗೊತ್ತಿದ್ದರೆ ಎರಡನ್ನೂ ತಪ್ಪಿಸಬಹುದು.

ಸಣ್ಣ ಸದ್ದು, ದೊಡ್ಡ ಗದ್ದಲ

ಹೃದಯ ಪ್ರತಿ ಬಡಿತಕ್ಕೂ ಒಂದು ಸಣ್ಣ ವಿದ್ಯುತ್ ಅಲೆಯನ್ನು ಹೊರಡಿಸುತ್ತದೆ. ಅದನ್ನು ಕಾಗದದ ಮೇಲೆ ಗೆರೆಯಾಗಿ ತೋರಿಸುವ ವಿದ್ಯೆಯನ್ನು ರೂಪಿಸಿದವರು ಹಾಲೆಂಡಿನ ವಿಲ್ಲೆಮ್ ಐಂಥೋವನ್. ಅದಕ್ಕಾಗಿ 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯ ನಡೆದಾಡುತ್ತಿರುವಾಗಲೇ ಈ ಗೆರೆಯನ್ನು ಹಿಡಿಯಬೇಕು ಎಂದು ಹೊರಟವರು ಅಮೆರಿಕದ ನಾರ್ಮನ್ ಹಾಲ್ಟರ್. 1940ರ ದಶಕದಲ್ಲಿ ಅವರು ತಯಾರಿಸಿದ ಮೊದಲ ಯಂತ್ರ ಬೆನ್ನಿಗೆ ಹೊರುವ ಮೂಟೆಯಂತಿತ್ತು, ಸುಮಾರು 38 ಕಿಲೋ ತೂಕ. ಇವತ್ತು ಆಸ್ಪತ್ರೆಯವರು ಎದೆಗೆ ಪ್ಯಾಚ್ ಅಂಟಿಸಿ ಸೊಂಟಕ್ಕೆ ಸಿಕ್ಕಿಸಿ ಕಳುಹಿಸುವ ಅಂಗೈಯಷ್ಟು ದೊಡ್ಡ ಪೆಟ್ಟಿಗೆಗೆ 'ಹಾಲ್ಟರ್' ಎಂಬ ಹೆಸರು ಬಂದದ್ದು ಅವರಿಂದಲೇ.

ಚರ್ಮದ ಮೇಲೆ ಸಿಗುವ ಹೃದಯದ ಈ ಅಲೆ ಎಷ್ಟು ಸಣ್ಣದು? ಸುಮಾರು ಒಂದು ಮಿಲಿವೋಲ್ಟ್. ಅಂದರೆ ಒಂದು ವೋಲ್ಟಿನ ಸಾವಿರದ ಒಂದು ಪಾಲು. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ನಮ್ಮ ಮನೆಯ ಗೋಡೆಯೊಳಗೆ ಹರಿಯುವ ಕರೆಂಟ್ 230 ವೋಲ್ಟ್. ಸಂತೆಯ ಗದ್ದಲದ ನಡುವೆ ಒಬ್ಬರು ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳುವ ಕೆಲಸ ಆ ಯಂತ್ರದ್ದು.

ಈ ಗದ್ದಲ ನಮಗೆ ಹೊಸದೇನಲ್ಲ. ಹಿಂದೆ ಆಂಟೆನಾ ಹಾಕಿ ದೂರದರ್ಶನ ನೋಡುತ್ತಿದ್ದಾಗ ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗಿಸಿದರೆ ಪರದೆ ಮೇಲೆ ಗೆರೆಗೆರೆ ಬರುತ್ತಿತ್ತು. ಮಸೀದಿಯ ಮೈಕ್ ಪಕ್ಕದಲ್ಲಿ ಯಾರಾದರೂ ಹಳೆಯ ಮೊಬೈಲ್ ಇಟ್ಟರೆ, ರಿಂಗ್ ಆಗುವ ಮೊದಲೇ ಸ್ಪೀಕರಿನಲ್ಲಿ "ಟರ್ ಟರ್ ಟರ್" ಅನ್ನುವ ಸದ್ದನ್ನು ನಾವೆಲ್ಲ ಕೇಳಿದವರೇ. ಮೊಬೈಲ್ ಹೊರಡಿಸುವ ಅಲೆ ಮೈಕಿನ ವೈರಿನೊಳಗೆ ನುಗ್ಗಿದ್ದರ ಸದ್ದು ಅದು. ಇದನ್ನೇ ವಿದ್ಯುತ್ಕಾಂತೀಯ ಅಡಚಣೆ ಎನ್ನುತ್ತಾರೆ. ಎದೆಗೆ ಕಟ್ಟಿದ ಹಾಲ್ಟರಿನ ವೈರಿಗೂ ಹೀಗೆಯೇ ಆಗಬಹುದು. ಅಲ್ಲಿ ಸದ್ದು ಕೇಳುವುದಿಲ್ಲ, ಗೆರೆಯಲ್ಲಿ ನಡುಕ ಮೂಡುತ್ತದೆ.

ಕರೆಂಟಿನ ಗದ್ದಲವನ್ನು ಸೋಸಲು ಇಸಿಜಿ ಯಂತ್ರಗಳಲ್ಲಿ ಜರಡಿಯಂಥ ವ್ಯವಸ್ಥೆಯಿದೆ. ನಮ್ಮ ದೇಶದಲ್ಲಿ ಕರೆಂಟ್ ಸೆಕೆಂಡಿಗೆ 50 ಬಾರಿ ಏರಿಳಿಯುತ್ತದೆ, ಯುಎಇಯಲ್ಲೂ ಅಷ್ಟೇ. ಸೌದಿಯಲ್ಲಿ 60. ಕೈಯಲ್ಲಿ ಹಿಡಿಯುವ ಕೆಲವು ಇಸಿಜಿ ಸಾಧನಗಳ ಸೆಟ್ಟಿಂಗ್‌ನಲ್ಲಿ 50 ಅಥವಾ 60 ಅಂತ ಆರಿಸಿಕೊಳ್ಳಲಿಕ್ಕಿರುತ್ತದೆ. ಜುಬೈಲ್‌ನಲ್ಲಿ ಬಳಸಿ ಊರಿಗೆ ತಂದದ್ದಾದರೆ ಅದನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಉಮ್ರಾಕ್ಕೆ ಇಲ್ಲಿಂದ ಕೊಂಡುಹೋಗುವವರೂ ಹಾಗೆಯೇ.

ಹಾಲ್ಟರ್ ಕಟ್ಟಿಸಿಕೊಂಡು ಮನೆಗೆ ಬಂದಾಗ

ತಲೆ ಸುತ್ತುವುದು, ಎದೆ ಡವಡವ ಅನ್ನುವುದು, ಇದ್ದಕ್ಕಿದ್ದಂತೆ ಬೋಧ ತಪ್ಪುವುದು ಇದ್ದರೆ ವೈದ್ಯರು 24 ಅಥವಾ 48 ಗಂಟೆಗೆ ಹಾಲ್ಟರ್ ಕಟ್ಟಿಸುತ್ತಾರೆ. ವಾರಗಟ್ಟಲೆ ಅಂಟಿಕೊಂಡಿರುವ ಪ್ಯಾಚ್‌ಗಳೂ ಬಂದಿವೆ. ಎಷ್ಟೋ ಹಿರಿಯರಿಗೆ ಇದರ ಬಗ್ಗೆಯೇ ಹೆದರಿಕೆ, ಫೋನ್ ಹತ್ತಿರ ತಂದರೆ ಶಾಕ್ ಹೊಡೆದೀತು ಅಂತ. ಹಾಗೇನಿಲ್ಲ. ಹಾಲ್ಟರ್ ದೇಹದೊಳಗೆ ಕರೆಂಟ್ ಬಿಡುವ ಯಂತ್ರವಲ್ಲ, ಅದು ಕೇಳಿಸಿಕೊಳ್ಳುತ್ತದೆ ಅಷ್ಟೇ. ಹೆದರಿ ಅದನ್ನು ಬಿಚ್ಚಿಡಬೇಡಿ. ಅಡಚಣೆಯಿಂದ ಕೆಡುವುದು ದಾಖಲೆ. ದಾಖಲೆ ಕೆಟ್ಟರೆ ಪರೀಕ್ಷೆ ಮತ್ತೆ ಮಾಡಿಸಬೇಕು, ಖರ್ಚು ಮತ್ತೆ ಆಗುತ್ತದೆ. ಇಲ್ಲವೇ ನಿಜವಾದ ತೊಂದರೆ ಗದ್ದಲದ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಹಾಗಾಗಿ ಮನೆಯವರು ಮಾಡಬೇಕಾದ್ದು ಇಷ್ಟು. ಫೋನನ್ನು ಅಂಗಿಯ ಎದೆ ಜೇಬಿನಲ್ಲಿ ಇಡಬೇಡಿ, ಹಾಲ್ಟರ್ ಪೆಟ್ಟಿಗೆಗೆ ತಾಗಿಸಿಯೂ ಇಡಬೇಡಿ. ಒಂದು ಗೇಣು ದೂರವಿರಲಿ. ರಾತ್ರಿ ಚಾರ್ಜಿಗೆ ಹಾಕಿದ ಫೋನ್ ದಿಂಬಿನ ಅಡಿಯಲ್ಲಿ ಬೇಡ. ಇಂಡಕ್ಷನ್ ಒಲೆ, ಮಿಕ್ಸಿ, ಗ್ರೈಂಡರ್ ಕೆಲಸವನ್ನು ಆ ಒಂದು ದಿನ ಬೇರೆಯವರು ನೋಡಿಕೊಳ್ಳಲಿ. ಮಸೀದಿಯಲ್ಲಿ ಖುತುಬಾ ಹೇಳುವವರಿಗೆ ಹಾಲ್ಟರ್ ಇದ್ದರೆ, ಕಾಲರ್ ಮೈಕಿನ ಪೆಟ್ಟಿಗೆಯನ್ನು ಅದರ ಪಕ್ಕದಲ್ಲೇ ಸಿಕ್ಕಿಸಬಾರದು. ಅದೂ ರೇಡಿಯೋ ಅಲೆ ಬಿಡುವ ಸಾಧನವೇ. ಎಂಆರ್‌ಐ ಕೋಣೆಗಂತೂ ಇದನ್ನು ಕಟ್ಟಿಕೊಂಡು ಹೋಗುವಂತೆಯೇ ಇಲ್ಲ.

ಪ್ಯಾಚ್ ಚರ್ಮಕ್ಕೆ ಸರಿಯಾಗಿ ಅಂಟಿರಬೇಕು. ಸಡಿಲವಾದ ಪ್ಯಾಚಿನ ವೈರ್ ಸುತ್ತಲಿನ ಗದ್ದಲವನ್ನೆಲ್ಲ ಆಂಟೆನಾದ ಹಾಗೆ ಹೀರಿಕೊಳ್ಳುತ್ತದೆ. ಆಸ್ಪತ್ರೆಗೆ ಹೋಗುವ ದಿನ ಮೈಗೆ ತೆಂಗಿನೆಣ್ಣೆ, ಪೌಡರ್ ಹಚ್ಚಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿಗೇ ಅದು ಬಿಟ್ಟುಬರುತ್ತದೆ. ಒಳಗೆ ಸಡಿಲವಾದ ಹತ್ತಿ ಬಟ್ಟೆ ಇರಲಿ. ಮಹಿಳೆಯರಿಗೆ ಪ್ಯಾಚ್ ಅಂಟಿಸಲು ಮಹಿಳಾ ಸಿಬ್ಬಂದಿ ಬೇಕಾದರೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿಬಿಡಿ. ಮುಜುಗರಕ್ಕೆ ಪರೀಕ್ಷೆಯನ್ನೇ ಮುಂದೂಡುವುದು ಬೇಡ.

ವುಝೂ ಹೇಗೆ ಅಂತ ಕೇಳುವವರಿದ್ದಾರೆ. ಪ್ಯಾಚ್ ಇರುವುದು ಎದೆ, ಹೊಟ್ಟೆಯ ಮೇಲೆ. ವುಝೂವಿನ ಅಂಗಗಳಿಗೆ ಅದರಿಂದ ಅಡ್ಡಿಯಿಲ್ಲ. ಹಾಲ್ಟರ್ ಇರುವಾಗ ಸ್ನಾನ ಮಾಡುವಂತಿಲ್ಲವಾದ್ದರಿಂದ ಮೊದಲೇ ಸ್ನಾನ ಮುಗಿಸಿ ಹೋಗಿ. ಕಡ್ಡಾಯ ಸ್ನಾನದ ಸಂದರ್ಭ ಬಂದರೆ, ನೀರು ತಾಗಿಸಲಾಗದ ಕಡೆಗೆ ದೀನ್‌ನಲ್ಲಿ ರಿಯಾಯಿತಿ ಇದೆ, ತಯಮ್ಮುಮ್ ಇದೆ. ನಿಮ್ಮ ಖತೀಬರನ್ನು ಕೇಳಿ ತಿಳಿದುಕೊಳ್ಳಿ.

ಮಿಸ್ವಾಕ್ ಮಾಡಿದರೂ ಗೆರೆ ಬದಲಾಗುತ್ತದೆ

ಗದ್ದಲ ಬರುವುದು ಕರೆಂಟಿನಿಂದ ಮಾತ್ರವಲ್ಲ. ನಮ್ಮ ಸ್ನಾಯುಗಳೂ ವಿದ್ಯುತ್ ಅಲೆ ಹೊರಡಿಸುತ್ತವೆ. ಹಲ್ಲುಜ್ಜುವಾಗ ಕೈ ಒಂದೇ ಲಯದಲ್ಲಿ ಆಡುತ್ತದಲ್ಲ, ಅದು ಇಸಿಜಿ ಗೆರೆಯಲ್ಲಿ ಹೃದಯದ ಅತಿವೇಗದ ಅಪಾಯಕಾರಿ ಬಡಿತದಂತೆಯೇ ಕಾಣಿಸಬಲ್ಲದು. ವೈದ್ಯರಿಗೆ ಇದು ಚೆನ್ನಾಗಿ ಗೊತ್ತಿರುವ ವಿಷಯ. ಬ್ರಶ್ಶಾದರೂ ಅಷ್ಟೇ, ಮಿಸ್ವಾಕ್ ಆದರೂ ಅಷ್ಟೇ, ಕೈಯ ಚಲನೆ ಒಂದೇ.

ಇಂಥ ಗದ್ದಲ ತಜ್ಞರನ್ನೂ ದಾರಿ ತಪ್ಪಿಸಬಹುದು. 1999ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆ 12 ರೋಗಿಗಳ ವಿವರ ಪ್ರಕಟಿಸಿತು. ಅವರ ಗೆರೆಯಲ್ಲಿದ್ದದ್ದು ಬರೀ ಗದ್ದಲ. ಆದರೆ ಅದನ್ನು ಅಪಾಯಕಾರಿ ಬಡಿತ ಅಂತ ತಿಳಿದು ಬೇಡದ ಚಿಕಿತ್ಸೆ ಮಾಡಲಾಗಿತ್ತು. ಕೆಲವರಿಗೆ ಹೃದಯಕ್ಕೆ ನಳಿಕೆ ಹಾಕುವ ಪರೀಕ್ಷೆಯೂ ಆಗಿತ್ತು. ಎದೆಯೊಳಗೆ ಸಾಧನ ಕೂರಿಸಿದ್ದೂ ಉಂಟು. ಒಂದು ತಪ್ಪು ಗೆರೆಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ನೋಡಿ.

ಇದಕ್ಕೆ ಮದ್ದು ಒಂದು ಪುಟ್ಟ ಡೈರಿ. ಹಾಲ್ಟರ್ ಜೊತೆ ಆಸ್ಪತ್ರೆಯವರು ಒಂದು ಹಾಳೆ ಕೊಡುತ್ತಾರೆ, ನಾವು ಎಷ್ಟೋ ಸಲ ಅದನ್ನು ಖಾಲಿಯೇ ಹಿಂದಿರುಗಿಸುತ್ತೇವೆ. ಉಪ್ಪನಿಗೆ ಬರೆಯಲಿಕ್ಕೆ ಆಗದಿದ್ದರೆ ಮದ್ರಸದಲ್ಲಿ ಕಲಿಯುವ ಮೊಮ್ಮಗಳ ಕೈಗೆ ಪೆನ್ನು ಕೊಡಿ. 5.10ಕ್ಕೆ ಮಿಸ್ವಾಕ್, 5.30ಕ್ಕೆ ಸುಬಹಿ ನಮಾಝ್, 9.15ಕ್ಕೆ ಮಾತ್ರೆ, 11.40ಕ್ಕೆ ಮೆಟ್ಟಿಲು ಹತ್ತುವಾಗ ತಲೆ ಸುತ್ತಿತು, ಹೀಗೆ ಗಂಟೆ ಸಮೇತ ಬರೆಯಲಿ. ರುಕೂಅ್, ಸುಜೂದ್ ಮಾಡುವಾಗ ವೈರ್ ಎಳೆದು ಗೆರೆ ಕುಣಿಯಬಹುದು. ಅದಕ್ಕಾಗಿ ನಮಾಝ್ ಬಿಡಬೇಕಾಗಿಲ್ಲ, ಹೊತ್ತು ಬರೆದಿಟ್ಟರೆ ಸಾಕು. 5.30ರ ಗೆರೆ ಕುಣಿದದ್ದು ಯಾಕೆ, 11.40ರದ್ದು ಯಾಕೆ ಎಂದು ವೈದ್ಯರು ಬೇರ್ಪಡಿಸಿ ನೋಡುತ್ತಾರೆ.

ಕೈಯ ವಾಚ್ ಹೇಳುವುದೆಷ್ಟು?

ಆಸ್ಪತ್ರೆಯ ಪೂರ್ಣ ಇಸಿಜಿ ಹೃದಯವನ್ನು 12 ದಿಕ್ಕಿನಿಂದ ನೋಡುತ್ತದೆ. ವಾಚ್ ನೋಡುವುದು ಒಂದೇ ದಿಕ್ಕಿನಿಂದ, ಅದೂ 30 ಸೆಕೆಂಡ್. ಬಡಿತ ಏರುಪೇರಾಗುವ ಒಂದು ಬಗೆಯ ಕಾಯಿಲೆಯ ಸುಳಿವನ್ನು ಅದು ಕೊಡಬಲ್ಲದು, ಅದರಿಂದ ಉಪಕಾರ ಆದವರಿದ್ದಾರೆ. ಆದರೆ ಹೃದಯಾಘಾತವನ್ನು ಅದು ಹಿಡಿಯಲಾರದು. ಆ್ಯಪಲ್ ಕಂಪೆನಿಯೇ ತನ್ನ ವಾಚಿನ ಬಗ್ಗೆ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಎದೆನೋವು ಇರುವಾಗ ವಾಚ್ ಹೇಳುವ "ನಾರ್ಮಲ್" ಲೆಕ್ಕಕ್ಕಿಲ್ಲ.

ವಾಚಿನಲ್ಲಿ ಇಸಿಜಿ ತೆಗೆಯುವುದಾದರೆ ಕುಳಿತು, ಕೈಯನ್ನು ಮೇಜಿನ ಮೇಲೆ ಅಲ್ಲಾಡದಂತೆ ಇಟ್ಟು ತೆಗೆಯಿರಿ. ಪಕ್ಕದಲ್ಲಿ ಚಾರ್ಜ್ ಆಗುತ್ತಿರುವ ಫೋನ್, ಫ್ಯಾನಿನ ರೆಗ್ಯುಲೇಟರ್, ಇನ್ವರ್ಟರ್ ಇದ್ದರೆ ಸ್ವಲ್ಪ ದೂರ ಸರಿಯಿರಿ. ಅಗ್ಗದ ಚಾರ್ಜರ್ ಹಾಕಿದ ಫೋನ್ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುವುದುಂಟಲ್ಲ, ಅಂಥ ಕರೆಂಟೇ ಗೆರೆಯನ್ನು ಕೆಡಿಸುವುದು. ಗೆರೆ ದಪ್ಪವಾಗಿ ಗರಗಸದ ಹಲ್ಲಿನಂತೆ ಕಂಡರೆ ಜಾಗ ಬದಲಾಯಿಸಿ ಇನ್ನೊಮ್ಮೆ ತೆಗೆದು ನೋಡಿ.

ಪೇಸ್‌ಮೇಕರ್ ವಿಷಯ ಬೇರೆ

ಇಲ್ಲಿಯವರೆಗೆ ಹೇಳಿದ್ದು ಮೈಮೇಲೆ ಕಟ್ಟುವ ಯಂತ್ರಗಳ ಮಾತು. ಎದೆಯೊಳಗೆ ಪೇಸ್‌ಮೇಕರ್ ಅಥವಾ ಶಾಕ್ ಕೊಟ್ಟು ಬಡಿತ ಸರಿಪಡಿಸುವ ಐಸಿಡಿ ಇರುವವರು ಇನ್ನೂ ಹೆಚ್ಚು ಎಚ್ಚರವಿರಬೇಕು. ಅಯಸ್ಕಾಂತ ಹತ್ತಿರ ಬಂದರೆ ಅವುಗಳ ಕೆಲಸದ ರೀತಿಯೇ ಬದಲಾಗುತ್ತದೆ. 2021ರಲ್ಲಿ ಅಮೆರಿಕದ ಮಿಷಿಗನ್‌ನ ವೈದ್ಯರು ಐಫೋನ್ 12 ಅನ್ನು ಐಸಿಡಿ ಇದ್ದ ಒಬ್ಬರ ಎದೆಯ ಬಳಿ ಹಿಡಿದು ನೋಡಿದರು. ಫೋನಿನೊಳಗಿನ ಅಯಸ್ಕಾಂತದಿಂದಾಗಿ, ಫೋನ್ ಅಲ್ಲಿರುವಷ್ಟು ಹೊತ್ತೂ ಸಾಧನ ಚಿಕಿತ್ಸೆ ಕೊಡುವುದನ್ನು ತಡೆಹಿಡಿದಿತ್ತು. ಇಂಥ ಫೋನ್, ಸ್ಮಾರ್ಟ್ ವಾಚ್‌ಗಳು ಸಾಧನದಿಂದ ಕನಿಷ್ಠ 6 ಇಂಚು ದೂರ ಇರಬೇಕು ಅಂತ ಅದೇ ವರ್ಷ ಅಮೆರಿಕದ ಎಫ್‌ಡಿಎ ಸಲಹೆ ನೀಡಿತು.

ನಮ್ಮ ಮನೆಗಳಲ್ಲಿ ಗಮನಿಸಬೇಕಾದ ಇನ್ನೊಂದು ವಸ್ತುವಿದೆ, ಈಗ ಎಲ್ಲೆಡೆ ಸಿಗುವ ಹಿಜಾಬಿನ ಮ್ಯಾಗ್ನೆಟ್ ಪಿನ್. ಬಟ್ಟೆ ಹರಿಯುವುದಿಲ್ಲ ಅಂತ ಎಲ್ಲರಿಗೂ ಇಷ್ಟ. ಆದರೆ ಪೇಸ್‌ಮೇಕರ್ ಇರುವ ಉಮ್ಮನ ಹೆಗಲ ಹತ್ತಿರ, ಎದೆಯ ಹತ್ತಿರ ಅದು ಬೇಡ. ಹಳೆಯ ಮಾಮೂಲಿ ಪಿನ್ನೇ ಸಾಕು. ಮ್ಯಾಗ್ನೆಟ್ ಇರುವ ಫೋನ್ ಕವರ್, ಪರ್ಸ್ ಕೂಡ ಹಾಗೆಯೇ. ಇಂಡಕ್ಷನ್ ಒಲೆಯಿಂದ ಎರಡಡಿ ದೂರ ಇರಲಿ. ದೇಹದ ಕೊಬ್ಬು ಅಳೆಯುವ ಕೆಲವು ವಾಚ್, ತೂಕದ ಯಂತ್ರಗಳು ಮೈಯೊಳಗೆ ಸಣ್ಣ ಕರೆಂಟ್ ಹರಿಸುತ್ತವೆ, ಅವನ್ನು ಪೇಸ್‌ಮೇಕರ್ ಇದ್ದವರು ಬಳಸಬಾರದು. ಹಜ್, ಉಮ್ರಾಕ್ಕೆ ಹೊರಟವರು ಪೇಸ್‌ಮೇಕರ್ ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಇಟ್ಟುಕೊಂಡು ವಿಮಾನ ನಿಲ್ದಾಣದಲ್ಲಿ ಮೊದಲೇ ತೋರಿಸಿ. ತಪಾಸಣೆಯ ಕಮಾನಿನಲ್ಲಿ ನಿಲ್ಲದೆ ನಡೆದುಹೋಗಿ. ಕೈಯಲ್ಲಿ ಹಿಡಿಯುವ ಡಿಟೆಕ್ಟರನ್ನು ಎದೆಯ ಮೇಲೆ ಹಿಡಿದು ನಿಲ್ಲಿಸಬೇಡಿ ಎಂದು ಹೇಳಿ.

ಗೆರೆಯೂ ಒಂದು ಖಬರ್

ಸುದ್ದಿ ಬಂದರೆ ವಿಚಾರಿಸದೆ ಮುಂದುವರಿಯಬಾರದು ಎಂಬ ಪಾಠ ಸೂರಃ ಹುಜುರಾತ್‌ನಲ್ಲಿದೆ. ಮದ್ರಸದ ಮಕ್ಕಳಿಗೆ ನಾವು ಅದನ್ನು ಕಲಿಸುತ್ತೇವೆ. ವಾಚಿನ ಗೆರೆಯೂ ಒಂದು ಖಬರ್. ತಂದವನು ಯಾರು, ದಾರಿಯಲ್ಲಿ ಏನು ಬೆರೆಯಿತು ಎಂದು ವಿಚಾರಿಸಬೇಕು. ವಿಚಾರಿಸಬೇಕಾದ ಜಾಗ ಕುಟುಂಬದ ಗ್ರೂಪ್ ಅಲ್ಲ, ವೈದ್ಯರು. ವಾಟ್ಸ್‌ಆ್ಯಪ್ ಒಳ್ಳೆಯದಕ್ಕೂ ಬರುತ್ತದೆ: ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಮೂಲಕ ಹಳ್ಳಿಗಳ ವೈದ್ಯರು ಇಸಿಜಿಯನ್ನು ಅದರಲ್ಲೇ ತಜ್ಞರಿಗೆ ಕಳುಹಿಸಿ ಸಲಹೆ ಪಡೆಯುತ್ತಾರೆ. ಅಲ್ಲಿ ಗೆರೆಯನ್ನು ಓದುವವರು ಓದಲು ಬಲ್ಲವರು.

ಆದರೆ ಒಂದು ವಿಷಯದಲ್ಲಿ ಮಾತ್ರ ವಿಚಾರಣೆಗೆ ಕಾಯಬಾರದು. ಎದೆಯಲ್ಲಿ ಹಿಂಡಿದ ಹಾಗೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು ಇದ್ದರೆ ವಾಚ್ ನೋಡಲೇಬೇಡಿ. ಗ್ಯಾಸ್ ಇರಬೇಕು ಅಂತ ಜೀರಿಗೆ ನೀರು ಕುಡಿಸಿ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೊರಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ದೂರದ ದೊಡ್ಡ ಆಸ್ಪತ್ರೆಯೇ ಆಗಬೇಕು ಅಂತ ದಾರಿಯಲ್ಲಿ ಹೊತ್ತು ಕಳೆಯಬೇಡಿ.

ದೇಹ ಅಲ್ಲಾಹನು ಕೊಟ್ಟ ಅಮಾನತ್. ಅದನ್ನು ನೋಡಿಕೊಳ್ಳಲು ಯಂತ್ರ ಬಳಸುವುದು ತವಕ್ಕುಲ್‌ಗೆ ವಿರುದ್ಧವಲ್ಲ, ಯಂತ್ರದ ಮಿತಿ ಅರಿತು ಬಳಸಬೇಕು ಅಷ್ಟೇ. ಇವತ್ತು ಶುಕ್ರವಾರವಾಗಲಿ, ಭಾನುವಾರವಾಗಲಿ, ನಿಮ್ಮ ಮನೆಯಲ್ಲಿ ಹಾಲ್ಟರೋ ಪೇಸ್‌ಮೇಕರೋ ಇರುವ ಹಿರಿಯರಿದ್ದರೆ ಅವರ ಎದೆ ಜೇಬಿನಲ್ಲಿ ಫೋನ್ ಇದೆಯಾ ಅಂತ ಒಮ್ಮೆ ನೋಡಿ. ಇದ್ದರೆ ತೆಗೆದು ಬೇರೆ ಕಡೆ ಇಡಿ. ಅಲ್ಲಾಹನು ಎಲ್ಲರಿಗೂ ಆಫಿಯತ್ ದಯಪಾಲಿಸಲಿ, ಆಮೀನ್.