ಕೊಡಗಿನ ಹಾಕಿ ಮೈದಾನಗಳು

ಪಾಶ್ಚಾತ್ಯ ದೇಶಗಳ ನಗರಗಳಲ್ಲಿ ಕ್ರೀಡಾಂಗಣದ ಇತಿಹಾಸವೆಂದರೆ ಪ್ರಾಯಶಃ ಕಟ್ಟಡದ ಇತಿಹಾಸ: ಯಾರು ಕಟ್ಟಿಸಿದರು, ಎಷ್ಟು ಮಂದಿ ಕೂರಬಹುದು, ಎಂದು ಕೆಡವಿದರು ಎಂಬುದೇ ಅಲ್ಲಿನ ವಿಷಯ. ಕೊಡಗಿನ ಹಾಕಿ ಮೈದಾನಗಳ ಚರಿತ್ರೆಯನ್ನು ಈ ಕ್ರಮದಲ್ಲಿ ಬರೆಯಹೊರಟರೆ ಕೈಗೆ ಸಿಗುವುದು ಅಲ್ಪ. ಇಲ್ಲಿನ ಬಹುಪಾಲು ಮೈದಾನಗಳು ಶಾಲೆ ಕಾಲೇಜುಗಳ ಅಂಗಳಗಳು, ಊರಿನ ಬಯಲುಗಳು.

ಬೆಟ್ಟಗುಡ್ಡಗಳ ನಾಡಿನಲ್ಲಿ ಸಮತಟ್ಟಾದ ನೆಲ ದುರ್ಲಭ. ಇದ್ದುದರಲ್ಲಿ ತಗ್ಗು ಗದ್ದೆಗೆ ಸಂದಿತು, ಇಳಿಜಾರು ಕಾಫಿಗೆ ಸಂದಿತು. ಆದರೂ ಪುತ್ತರಿಯ ಕೋಲಾಟಕ್ಕೆಂದು ಊರವರು ಕಾದಿರಿಸಿಕೊಂಡ ‘ಮಂದ್’ ಎಂಬ ಬಯಲು ಹಿಂದಿನಿಂದಲೂ ಉಂಟು. ನಾಪೋಕ್ಲುವಿನ ಚೆರಿಯಪರಂಬು, ಕಾಕೋಟುಪರಂಬು ಮೊದಲಾದ ಹೆಸರುಗಳಲ್ಲಿರುವ ‘ಪರಂಬು’ ಶಬ್ದವೂ ಗದ್ದೆಯಲ್ಲದ ತೆರೆದ ಭೂಮಿಯನ್ನೇ ಸೂಚಿಸುತ್ತದೆ. ಹಾಕಿಯು ಸೈನ್ಯದ ಮೂಲಕ ಇಲ್ಲಿಗೆ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿದ ಅಭಿಪ್ರಾಯ. ಮಡಿಕೇರಿಯ ಜಿಲ್ಲಾ ಕ್ರೀಡಾಂಗಣವೂ ಚೆರಿಯಪರಂಬಿನ ಕ್ರೀಡಾಂಗಣವೂ 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಹೆಸರನ್ನೇ ಹೊತ್ತಿರುವುದು ಈ ಸಂಬಂಧಕ್ಕೆ ಒಪ್ಪುವಂತಿದೆ.

1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ಹಾಕಿ ಉತ್ಸವವನ್ನು ಆರಂಭಿಸಿದರು. ಅಂದು ಸೇರಿದ ತಂಡಗಳು 60. ಮೈದಾನಗಳ ದೃಷ್ಟಿಯಿಂದ ಇದು ಮಹತ್ತರವಾದ ಘಟನೆ. ತಂಡವೆಂದರೆ ಒಕ್ಕ, ಅಂದರೆ ಒಂದೇ ಮನೆತನದವರು. ಪುರುಷರೊಡನೆ ಸ್ತ್ರೀಯರೂ, ಮೊಮ್ಮಗನೊಡನೆ ಅಜ್ಜನೂ ಆಡಬಹುದು. ಪ್ರತಿ ವರ್ಷ ಬೇರೊಂದು ಒಕ್ಕ ಹೊಣೆ ಹೊರುವುದರಿಂದ ಉತ್ಸವವೂ ಊರಿಂದೂರಿಗೆ ಸಾಗುತ್ತದೆ. ಹೊಣೆ ಹೊತ್ತವರು ನೆಲವನ್ನು ಹದಗೊಳಿಸಿ, ಪ್ರೇಕ್ಷಕರಿಗೆ ತಾತ್ಕಾಲಿಕವಾದ ಮೆಟ್ಟಿಲಾಸನಗಳನ್ನು ಕಟ್ಟಿಸುತ್ತಾರೆ. ಆಟ ಮುಗಿದೊಡನೆ ಅವನ್ನು ಬಿಚ್ಚಲಾಗುತ್ತದೆ. ಜೂನ್ ತಿಂಗಳ ಮಳೆಗೆ ಮೊದಲೇ ಎಲ್ಲವೂ ಮುಗಿಯಬೇಕಷ್ಟೆ. ಸಾವಿರಾರು ಜನ ಕುಳಿತಿದ್ದ ಸ್ಥಳದಲ್ಲಿ ಆಷಾಢಕ್ಕೆ ಹುಲ್ಲು ಹೊರತು ಬೇರೇನೂ ಕಾಣದು. ಚರಿತ್ರಕಾರನಿಗೆ ಇದು ತೊಡಕು, ಊರಿಗೆ ಅನುಕೂಲ.

2018ರ ಆಗಸ್ಟಿನ ಭೂಕುಸಿತಗಳು, ಅನಂತರದ ಸಾಂಕ್ರಾಮಿಕ ರೋಗ ಇವುಗಳಿಂದ ನಾಲ್ಕು ವರ್ಷ ಉತ್ಸವ ನಡೆಯಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಒಕ್ಕವು ನಾಪೋಕ್ಲುವಿನಲ್ಲಿ ಅದನ್ನು ಪುನರಾರಂಭಿಸಿತು. 2024ರಲ್ಲಿ ಅಲ್ಲಿಯೇ ಕುಂಡ್ಯೋಳಂಡ ಒಕ್ಕದ ಆತಿಥ್ಯದಲ್ಲಿ 360 ತಂಡಗಳೂ, 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಒಕ್ಕದ ಆತಿಥ್ಯದಲ್ಲಿ 396 ತಂಡಗಳೂ ನೋಂದಾಯಿತವಾದವು.

ಆದರೆ ಮಣ್ಣಿನ ಮೈದಾನದ ಗತಿಯೇನು? 1976ರ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಕೊಡಗಿನ ಬಿ. ಪಿ. ಗೋವಿಂದ ಅವರಿದ್ದ ಭಾರತ ತಂಡ ಏಳನೆಯ ಸ್ಥಾನಕ್ಕಿಳಿಯಿತು. ಹಾಸಿನ ಮೇಲೆ ಚೆಂಡು ನೇರವಾಗಿ, ವೇಗವಾಗಿ ಓಡುತ್ತದೆ. ಮಣ್ಣಿನಲ್ಲಿ ಅದು ಪುಟಿದು ದಿಕ್ಕು ಬದಲಿಸುವುದರಿಂದ ಆಟಗಾರನು ಮಣಿಕಟ್ಟಿನ ಚಾತುರ್ಯದಿಂದ ಅದನ್ನು ಹಿಡಿತದಲ್ಲಿಡಬೇಕು. ಒಂದರಲ್ಲಿ ಪಳಗಿದವನು ಇನ್ನೊಂದರಲ್ಲಿ ಹೊಸಬನೇ ಸರಿ. ಕೂಡಿಗೆ, ಪೊನ್ನಂಪೇಟೆ, ಸೋಮವಾರಪೇಟೆಗಳಲ್ಲಿ ಕೃತಕ ಹಾಸಿನ ಮೈದಾನಗಳು ಬಂದಿರುವುದು ಈ ಕಾರಣದಿಂದಲೇ. ರಾಷ್ಟ್ರೀಯ ತಂಡವನ್ನು ಸೇರಬೇಕೆನ್ನುವ ಬಾಲಕನು ಅಲ್ಲಿಗೆ ಹೋಗಲೇಬೇಕು. ಅಷ್ಟು ವೆಚ್ಚದ ಹಾಸನ್ನು ವರ್ಷಕ್ಕೊಂದು ಊರಿಗೆ ಹೊತ್ತೊಯ್ಯುವುದು ಅಸಾಧ್ಯವಾದುದರಿಂದ, ಅಜ್ಜನೂ ಮೊಮ್ಮಗನೂ ಜೊತೆಯಾಗಿ ಆಡುವ ಪಂದ್ಯ ಮಾತ್ರ ಇಂದಿಗೂ ಬಯಲಿನಲ್ಲಿಯೇ ನಡೆಯುತ್ತಿದೆ.