ಹೊಡೆತದ ಬೆಲೆ ತೆರುವವರು

ಕಾಳಗದ ಚಿತ್ರಗಳೆಲ್ಲ ಒಂದೇ ಬಗೆಯವು ಎಂಬ ತಾತ್ಸಾರ ವಿದ್ಯಾವಂತರಲ್ಲಿ ಉಂಟು. ಅದು ಸರಿಯಲ್ಲ. 1972ರ ‘ವೇ ಆಫ್ ದ ಡ್ರ್ಯಾಗನ್’ ಚಿತ್ರದಲ್ಲಿ ರೋಮ್‌ನ ಕೊಲೋಸಿಯಂನಲ್ಲಿ ಚಕ್ ನಾರಿಸ್ ಜೊತೆ ಸೆಣಸುವ ಬ್ರೂಸ್ ಲೀ ಮೊದಲು ಏಟು ತಿನ್ನುತ್ತಾನೆ. ಬಳಿಕ ವರಸೆ ಬದಲಿಸಿ ಗೆಲ್ಲುತ್ತಾನೆ. ಸತ್ತ ಎದುರಾಳಿಗೆ ಅವನದೇ ಉಡುಪನ್ನು ಹೊದಿಸಿ ಗೌರವ ಸಲ್ಲಿಸುತ್ತಾನೆ. ಅಲ್ಲಿ ಮಿತವ್ಯಯವೇ ಸೌಂದರ್ಯ.

ಜಾಕಿ ಚಾನ್ ಮಾರ್ಗ ಬೇರೆ. 1985ರ ‘ಪೊಲೀಸ್ ಸ್ಟೋರಿ’ಯಲ್ಲಿ ನಾಯಕನಿಗೂ ನೋವಾಗುತ್ತದೆ, ಗಾಜು ಒಡೆದಾಗ ನಾವೂ ಬೆಚ್ಚುತ್ತೇವೆ. ಚಿತ್ರೀಕರಣದಲ್ಲಿ ಆದ ಅವಘಡಗಳನ್ನೂ ಆತ ಕೊನೆಯಲ್ಲಿ ತೋರಿಸಿದ. 2000ದ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ನಲ್ಲಿ ಕಾಳಗವು ತಂತಿಗಳ ನೆರವಿನಿಂದ ಬಿದಿರಿನ ತುದಿಯಲ್ಲಿ ತೇಲುವ ನೃತ್ಯವಾಯಿತು. 2003ರ ಥಾಯ್ ಚಿತ್ರ ‘ಒಂಗ್ ಬಾಕ್’ನಲ್ಲಿ ಟೋನಿ ಜಾ ತಂತಿಯನ್ನೇ ನಿರಾಕರಿಸಿ, ಮೊಣಕಾಲು ಮೊಣಕೈಗಳ ಪೆಟ್ಟನ್ನು ಮತ್ತೆ ನೆಲಕ್ಕೆ ತಂದ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನ್ನನ್ನು ಕಾಡುವುದು ಬೇರೊಂದು ಪ್ರಶ್ನೆ. ಈ ನೈಜತೆಯ ಬೆಲೆ ತೆರುವವರು ಯಾರು? ನಾಯಕನ ಏಟಿಗೆ ಮೇಜಿನ ಮೇಲೆ ಬೀಳುವವನ ಹೆಸರು ನಮಗೆ ತಿಳಿಯದು. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಕನ್ನಡ ಚಿತ್ರವೊಂದರ ಸಾಹಸ ದೃಶ್ಯಕ್ಕಾಗಿ ಹೆಲಿಕಾಪ್ಟರ್‌ನಿಂದ ಧುಮುಕಿದ ಇಬ್ಬರು ನಟರು ಮುಳುಗಿ ಸತ್ತರು. ಅವರ ಮೈಮೇಲೆ ಜೀವರಕ್ಷಕ ಕವಚವಿರಲಿಲ್ಲ.

2027ರ ಚಿತ್ರಗಳಿಂದ ಮೊದಲ್ಗೊಂಡು ಸಾಹಸ ವಿನ್ಯಾಸಕ್ಕೂ ಆಸ್ಕರ್ ನೀಡುವುದಾಗಿ ಅಕಾಡೆಮಿ 2025ರಲ್ಲಿ ಘೋಷಿಸಿತು. ತಡವಾದರೂ ಸ್ವಾಗತಾರ್ಹ. ಆದರೆ ಪದಕಕ್ಕಿಂತ ಮೊದಲು ಬೇಕಾದದ್ದು ಕವಚ, ವಿಮೆ ಮತ್ತು ‘ಆಗದು’ ಎನ್ನುವ ಹಕ್ಕು. ಚಪ್ಪಾಳೆ ತಟ್ಟುವ ನಾವೂ ಅದನ್ನು ಕೇಳಬೇಕಲ್ಲವೇ?