ಐದನೇ ವಯಸ್ಸಿಗೇ ಹಗ್ಗ ಹತ್ತಿದವರು

1859ರ ಜೂನ್ 30ರಂದು ನಯಾಗರಾ ಕಮರಿಗೆ ಅಡ್ಡಲಾಗಿ ಕಟ್ಟಿದ ಹಗ್ಗದ ಮೇಲೆ ನಡೆದು ಆಚೆ ದಡ ಸೇರಿದಾಗ ಬ್ಲಾಂಡಿನ್‌ಗೆ ಮೂವತ್ತೈದು ವರ್ಷ. ಅದರಲ್ಲಿ ಮೂವತ್ತು ವರ್ಷ ಆತ ಈ ವಿದ್ಯೆಯಲ್ಲೇ ಕಳೆದಿದ್ದ. ಫ್ರಾನ್ಸಿನ ಈ ಹುಡುಗನನ್ನು ಐದನೇ ವಯಸ್ಸಿಗೆ ಲಿಯೋನ್ ನಗರದ ವ್ಯಾಯಾಮ ಶಾಲೆಗೆ ಸೇರಿಸಿದರು. ಆರೇ ತಿಂಗಳಿಗೆ ಅವನು ಜನರ ಮುಂದೆ ನಿಂತು ಕಸರತ್ತು ಮಾಡಿ ತೋರಿಸುತ್ತಿದ್ದ.

ಯುರೋಪಿನ ಹಳೆಯ ಸರ್ಕಸ್ಸಿನಲ್ಲಿ ಇದೇನೂ ಅಪರೂಪವಲ್ಲ. ಎಲುಬು ಬಲಿಯುವ ಮೊದಲೇ ಮೈ ಬಗ್ಗಿಸಬೇಕು, ಹೆದರಿಕೆ ಹುಟ್ಟುವ ಮೊದಲೇ ಎತ್ತರಕ್ಕೆ ಹತ್ತಿಸಬೇಕು ಎಂಬ ನಂಬಿಕೆ ಅಲ್ಲಿ ಬೇರೂರಿತ್ತು. ಸರ್ಕಸ್ ಮನೆತನದ ಮಕ್ಕಳಿಗೆ ಅಪ್ಪ ಅಮ್ಮನೇ ಗುರುಗಳು. ಮನೆತನದ ಬಲವಿಲ್ಲದ ಮಕ್ಕಳನ್ನು ಕಂಪನಿಯ ಯಜಮಾನನ ಕೈಗೊಪ್ಪಿಸುತ್ತಿದ್ದರು. ಅವರು ವರ್ಷಗಟ್ಟಲೆ ಅವನ ಬಳಿಯೇ ಇದ್ದು ಕಲಿಯಬೇಕು, ದುಡಿಯಬೇಕು. ಇಂಗ್ಲೆಂಡಿನ ನಾರಿಚ್‌ನ ಕಪ್ಪುವರ್ಣದ ಹುಡುಗ ವಿಲಿಯಂ ಡಾರ್ಬಿ ಹೀಗೆ ವಿಲಿಯಂ ಬ್ಯಾಟಿಯ ಕಂಪನಿ ಸೇರಿದವನು. ಕುದುರೆ ಸವಾರಿ, ಹಗ್ಗದ ನಡಿಗೆ ಎರಡನ್ನೂ ಕಲಿತು, ಪಾಬ್ಲೊ ಫಾಂಕ್ ಎಂದು ಹೆಸರು ಬದಲಿಸಿಕೊಂಡು, ಮುಂದೆ ತನ್ನದೇ ಸರ್ಕಸ್ ಕಂಪನಿ ಕಟ್ಟಿದ. ಆದರೆ ಎಲ್ಲ ಹುಡುಗರೂ ಯಜಮಾನರಾಗಲಿಲ್ಲ. ಬಿದ್ದು ಕೈಕಾಲು ಮುರಿದುಕೊಂಡು ಮೂಲೆ ಸೇರಿದವರ ಹೆಸರು ಯಾವ ಪೋಸ್ಟರಿನಲ್ಲೂ ಉಳಿದಿಲ್ಲ.

ಕಲಿಕೆ ಸಾಮಾನ್ಯವಾಗಿ ಕುದುರೆಯಿಂದ ಶುರು. 1768ರಲ್ಲಿ ಲಂಡನ್ನಿನಲ್ಲಿ ಫಿಲಿಪ್ ಆಸ್ಟ್ಲಿ ಆರಂಭಿಸಿದ ಸವಾರಿ ಪ್ರದರ್ಶನಗಳಿಂದಲೇ ಆಧುನಿಕ ಸರ್ಕಸ್ ಬೆಳೆದದ್ದು. ರಿಂಗಿನ ಅಡ್ಡಳತೆ 42 ಅಡಿ ಎಂಬ ಲೆಕ್ಕ ಅವನ ಕಾಲದಿಂದಲೇ ಬಂದು ನೆಲೆಯಾಯಿತು. ಕುದುರೆ ವೃತ್ತದಲ್ಲಿ ಒಂದೇ ಗತಿಯಲ್ಲಿ ಓಡುತ್ತಿರುವಾಗ, ಅದರ ಬೆನ್ನ ಮೇಲೆ ನಿಂತವರು ಒಳಮುಖವಾಗಿ ತುಸು ವಾಲಿದರೆ ಸಮತೋಲ ಸಿಗುತ್ತದೆ. ಅಳತೆ ಎಲ್ಲೆಡೆ ಒಂದೇ ಇದ್ದುದರಿಂದ ಒಂದೂರಲ್ಲಿ ಪಳಗಿದ ಕುದುರೆ ಇನ್ನೊಂದೂರಲ್ಲಿ ತಬ್ಬಿಬ್ಬಾಗುತ್ತಿರಲಿಲ್ಲ. ಕಲಿಯುವ ಮಗುವಿನ ಸೊಂಟಕ್ಕೆ ಪಟ್ಟಿ ಬಿಗಿದು, ಮೇಲಿನಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟುವ ಪದ್ಧತಿಯೂ ಬಂತು. ಕಾಲು ಜಾರಿದರೆ ಮಗು ಗೊರಸಿನಡಿ ಬೀಳದೆ ಗಾಳಿಯಲ್ಲಿ ತೂಗಾಡುತ್ತಿತ್ತು.

ಟುಲೂಸಿನ ಜೂಲ್ ಲಿಯೋಟಾರ್ಡ್‌ಗೆ ಈ ಹಗ್ಗವೂ ಬೇಕಾಗಲಿಲ್ಲ. ವ್ಯಾಯಾಮ ಶಾಲೆ ನಡೆಸುತ್ತಿದ್ದ ತಂದೆಯ ಈಜುಕೊಳದ ಮೇಲೆಯೇ ಅವನು ಟ್ರಪೀಜ್ ಅಭ್ಯಾಸ ಮಾಡಿದ. ಕೈತಪ್ಪಿದರೆ ಕೆಳಗೆ ನೀರು. ಒಂದು ತೂಗುಪಟ್ಟಿಯಿಂದ ಇನ್ನೊಂದಕ್ಕೆ ಹಾರುವ ಆಟವನ್ನು 1859ರ ನವೆಂಬರಿನಲ್ಲಿ ಪ್ಯಾರಿಸ್ಸಿಗೆ ತೋರಿಸಿದ. ಜಿಮ್ನಾಸ್ಟಿಕ್ಸ್ ಹುಡುಗಿಯರು ಇಂದು ತೊಡುವ ಮೈಗಂಟಿದ ಉಡುಪಿಗೆ ಅವನ ಹೆಸರೇ ಉಳಿದಿದೆ.

1877ರಲ್ಲಿ ಲಂಡನ್ನಿನ ರಾಯಲ್ ಅಕ್ವೇರಿಯಂನಲ್ಲಿ ಜಾಜೆಲ್ ಎಂಬ ಹದಿಹರೆಯದ ಹುಡುಗಿಯನ್ನು ಫಿರಂಗಿಯೊಳಗಿಟ್ಟು ಹಾರಿಸಿದರು. ಅವಳನ್ನು ಚಿಮ್ಮಿಸುತ್ತಿದ್ದುದು ಸ್ಪ್ರಿಂಗು, ಮದ್ದು ಬರೀ ಸದ್ದಿಗೆ. ಜನ ಮುಗಿಬಿದ್ದರು. ಜೊತೆಗೇ, ಮಕ್ಕಳ ಪ್ರಾಣ ಪಣಕ್ಕಿಟ್ಟು ಕಾಸು ಮಾಡುವುದೇ ಎಂಬ ಕೂಗೂ ಎದ್ದಿತು. 1879ರಲ್ಲಿ ಬ್ರಿಟಿಷ್ ಸಂಸತ್ತು ಹದಿನಾಲ್ಕು ತುಂಬದ ಮಕ್ಕಳನ್ನು ಅಪಾಯಕಾರಿ ಪ್ರದರ್ಶನಗಳಲ್ಲಿ ಬಳಸುವುದನ್ನು ನಿಷೇಧಿಸಿತು. ತಡವಾಗಿಯಾದರೂ ಬಂದ ನ್ಯಾಯ ಅದು.

ಹಾಗೆಂದು ಸರ್ಕಸ್ ಮನೆತನಗಳ ಪಾಠ ನಿಲ್ಲಲಿಲ್ಲ. ಇಟಲಿಯ ಎನ್ರಿಕೊ ರಾಸ್ಟೆಲ್ಲಿ ಹುಟ್ಟಿದ್ದು ಅಪ್ಪ ಅಮ್ಮನ ತಿರುಗಾಟದ ನಡುವೆ, ರಷ್ಯಾದ ಸಮಾರಾದಲ್ಲಿ. ಹತ್ತು ಚೆಂಡುಗಳನ್ನು ಗಾಳಿಯಲ್ಲಿ ಆಡಿಸಿದ ಆತ 1931ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡ.

ಮನೆತನದ ಹೊರಗಿನವರಿಗೆ ಬಾಗಿಲು ತೆರೆದದ್ದು ಶಾಲೆಗಳು. 1927ರಲ್ಲಿ ಮಾಸ್ಕೋದಲ್ಲಿ ಸರ್ಕಾರವೇ ಸರ್ಕಸ್ ಶಾಲೆ ಆರಂಭಿಸಿತು. ಪತ್ರಿಕೆಯೊಂದರ ಮುದ್ರಣಾಲಯದಲ್ಲಿ ಕೆಲಸ ಕಲಿಯುತ್ತಿದ್ದ ಒಲೆಗ್ ಪೊಪೊವ್ ಇಲ್ಲಿ ತಂತಿಯ ಮೇಲಿನ ಆಟ ಕಲಿತು, ಮುಂದೆ ಜಗತ್ತು ಕಂಡ ದೊಡ್ಡ ವಿದೂಷಕರಲ್ಲಿ ಒಬ್ಬನಾದ. ಪ್ಯಾರಿಸ್ಸಿನಲ್ಲಿ 1970ರ ದಶಕದಲ್ಲಿ ಶಾಲೆ ತೆರೆದವರಲ್ಲಿ ಪ್ರಸಿದ್ಧ ಫ್ರಾಟೆಲ್ಲಿನಿ ವಿದೂಷಕ ಮನೆತನದ ಆನಿ ಕೂಡ ಒಬ್ಬಳು. ತನ್ನವರು ತಲೆಮಾರುಗಳಿಂದ ಮನೆಯೊಳಗೇ ಕಾಪಿಟ್ಟುಕೊಂಡು ಬಂದ ವಿದ್ಯೆಯನ್ನು ಅವಳು ಅಲ್ಲಿ ಹೊರಗಿನವರ ಮಕ್ಕಳಿಗೂ ಹೇಳಿಕೊಟ್ಟಳು.